ಹಡಗಿನ ಕಾಕಾ ಕೊಟ್ಟ ಸ್ಪ್ರಿಂಗು

ಕಳೆದ ಶ್ರಾವಣದಲ್ಲಿ ಬನಹಟ್ಟಿಯ ನೇಕಾರರು ಸೇರಿ ಹಡಗಿನ ಕಾಕಾ ಅವರಿಗಾಗಿ ಶ್ರದ್ಧಾಂಜಲಿ ಸಭೆಯೊಂದನ್ನು ನಡೆಸಿದರು. ಮೊದಲ ಭಾಷಣಕಾರರು, ಅಗಲಿದ ಹಿರಿಯರು ಅಣುಶಕ್ತಿಯಿಂದ ಓಡುವ ವಿಮಾನವಾಹಕ ಹಡಗನ್ನು ನಡೆಸಿದವರು ಎಂದರು. ಎರಡನೆಯವರು, ಆ ಅಣುವಿನ ಝಳಕ್ಕೇ ಅವರ ತಲೆಗೂದಲೆಲ್ಲ ಉದುರಿದ್ದು ಎಂದರು. ಮೂರನೆಯವರು, ಬಹುಕಾಲ ಸಮುದ್ರದ ಮೇಲೆ ಓಲಾಡಿದ್ದರಿಂದ ಅವರು ಗಟ್ಟಿ ನೆಲದ ಮೇಲೂ ಕಾಲು ಅಗಲಿಸಿಯೇ ನಿಲ್ಲುತ್ತಿದ್ದರು ಎಂದರು. ಮೂರೂ ಸುಳ್ಳು. ನಮ್ಮ ದೇಶದ ನೌಕಾದಳದಲ್ಲಿ ಅಣುಶಕ್ತಿಯ ವಿಮಾನವಾಹಕ ಇಂದಿಗೂ ಇಲ್ಲ. ಅವರ ತಂದೆಯ ತಲೆಯೂ ನಲವತ್ತಕ್ಕೇ ಬೋಳಾಗಿತ್ತು. ಕಾಲು ಅಗಲಿಸುತ್ತಿದ್ದುದು ಮೊಣಕಾಲಿನ ಬೇನೆಯಿಂದ. ಅದರ ಎಣ್ಣೆಯನ್ನು ಮುಧೋಳದಿಂದ ತಂದುಕೊಡುತ್ತಿದ್ದವನು ನಾನೇ. ಸಭೆಯಲ್ಲಿ ಎದ್ದು ಹೇಳಬಹುದಿತ್ತು. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಕೂತಿದ್ದರು, ಸುಮ್ಮನಾದೆ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಹೆಸರನ್ನು ಬರೆಯುವುದಿಲ್ಲ. ತಮ್ಮ ಅಂಗಡಿಯ ಫಲಕದ ಮೇಲೂ ಅವರು ಹೆಸರು ಹಾಕಿಸಿರಲಿಲ್ಲ; ‘ಮಗ್ಗದ ಬಿಡಿಭಾಗಗಳು’ ಎಂದಷ್ಟೇ ಇತ್ತು. ಊರು ಅವರನ್ನು ಹಡಗಿನ ಕಾಕಾ ಎಂದು ಕರೆಯುತ್ತಿತ್ತು. ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ಚಿಕ್ಕವರಾದರೂ ನಾನೂ ಹಾಗೆಯೇ ಕರೆದೆ. ಅವರು ನನ್ನನ್ನು ಅಣ್ಣಾರ ಎನ್ನುತ್ತಿದ್ದರು.

ಅವರ ಅಂಗಡಿಗೆ ನಾನು ಮೊದಲು ಹೋದದ್ದು ಸ್ನೇಹಕ್ಕಲ್ಲ, ಸುಳ್ಳನ್ನು ಹಿಡಿಯುವುದಕ್ಕೆ. ಹಜಾಮನ ಅಂಗಡಿಯ ಬೆಂಚಿನ ಮೇಲೆ ಅಣುಹಡಗಿನ ಕಥೆಯನ್ನು ಕೇಳಿ, ಜಮಖಂಡಿಯ ವಾಚನಾಲಯದಲ್ಲಿ ಎರಡು ದಿನ ಪುಸ್ತಕ ತಿರುವಿ, ಸಿದ್ಧನಾಗಿ ಹೋಗಿದ್ದೆ. ನಮ್ಮಲ್ಲಿ ಅಂಥ ಹಡಗೇ ಇಲ್ಲದಿರುವಾಗ ತಾವು ಅದರಲ್ಲಿ ಕೆಲಸ ಮಾಡಿದ್ದು ಹೇಗೆ ಎಂದು ನೇರವಾಗಿ ಕೇಳಿದೆ. ಅವರು ಕೈಯಲ್ಲಿದ್ದ ಹಲ್ಲುಗಾಲಿಯನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದರು.

“ಮಾಡೇನಿ ಅಂತ ನಾ ಯಾವಾಗ ಅಂದೇನ್ರಿ? ಅಂದಾಂವ ಹಜಾಮ. ಕುಂದರ್ರಿ, ಚಹಾ ತರಸ್ತೀನಿ.”

ಚಹಾ ಬರುವುದರೊಳಗೆ ಸಂಗತಿ ತಿಳಿಯಿತು. ಅವರು ಕೆಲಸ ಮಾಡಿದ್ದು ಪರದೇಶದಿಂದ ಕೊಂಡುತಂದ ನಮ್ಮದೇ ಹಳೆಯ ವಿಮಾನವಾಹಕದಲ್ಲಿ. ಅದು ಎಣ್ಣೆ ಉರಿಸಿ, ಬಾಯ್ಲರಿನ ಉಗಿಯಿಂದ ನಡೆಯುವ ಹಡಗು. ಅಲ್ಲಿ ಅವರದು ಎಂಜಿನ್ನಿನ ಕೆಲಸವೂ ಅಲ್ಲ. ಬಿಡಿಭಾಗಗಳ ಸ್ಟೋರಿನ ಕೆಲಸ. ಅಣುಹಡಗನ್ನು ಕಂಡದ್ದು ಒಂದೇ ದಿನ. ಸೇವೆಯ ಕೊನೆಯ ವರ್ಷಗಳಲ್ಲಿ, ಪರದೇಶದ ಅಂಥದೊಂದು ಹಡಗು ನಮ್ಮ ಕರಾವಳಿಯಿಂದಾಚೆ ಲಂಗರು ಹಾಕಿದ್ದಾಗ, ಅತಿಥಿಗಳಾಗಿ ಹೋದ ಗುಂಪಿನಲ್ಲಿ ಇವರೂ ಇದ್ದರು. ಉಳಿದವರು ವಿಮಾನಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಇವರು ಸ್ಟೋರನ್ನು ತೋರಿಸಬೇಕೆಂದು ಬೇಡಿಕೊಂಡರಂತೆ. ಅಣುಸ್ಥಾವರದ ಕಡೆಗೆ ಯಾರನ್ನೂ ಬಿಡಲಿಲ್ಲ; ಸ್ಟೋರಿನ ಬಾಗಿಲಿಗೆ ಮಾತ್ರ ಕರೆದೊಯ್ದರು. ಅಲ್ಲಿದ್ದ ಆರಡಿಯ ಉಗ್ರಾಣಿಗೆ ಇವರ ಇಂಗ್ಲಿಷು, ಇವರಿಗೆ ಅವನ ಇಂಗ್ಲಿಷು, ಎರಡೂ ಅರ್ಧ ಅರ್ಧವೇ ತಿಳಿದವು. ಆದರೂ ಕೇಳಿದ ಭಾಗ ಈಗಿಂದೀಗಲೇ ಬೇಕೆನ್ನುತ್ತಾರೆ, ಹಳೆಯದನ್ನು ಮಾತ್ರ ತಂದು ಒಪ್ಪಿಸುವುದಿಲ್ಲ ಎಂಬ ಅವನ ದೂರು ಪೂರ್ತಿ ಅರ್ಥವಾಯಿತಂತೆ.

“ಅಂವಗೂ ಅದ ಚಿಂತಿ, ನಮಗೂ ಅದ ಚಿಂತಿ,” ಎಂದರು. “ಒಲಿಯೊಳಗಿನ ಅಣುವಿಗೆ ಒಮ್ಮಿ ಹಾಕಿದ್ರ ಇಪ್ಪತ್ತ ವರ್ಷ ಕಾಳಜಿ ಇಲ್ಲಂತ್ರಿ. ಒಂದ್ ವಾಶರ್ ಇಲ್ಲಂದ್ರ ಮಾತ್ರ ನಿಂತ್ ಬಿಡತೈತಿ. ಹಡಗ ತೇಲೋದು ನೀರಿನ ಮ್ಯಾಲ ಅಲ್ರಿ ಅಣ್ಣಾರ, ಸ್ಟೋರಿನ ಮ್ಯಾಲ.”

ಈ ಮಾತನ್ನೂ ನಾನು ಹಾಗೆಯೇ ಒಪ್ಪಲಿಲ್ಲ. ಅಣುವೇ ಶಕ್ತಿ ಕೊಡುವಲ್ಲಿ ಉಗಿಯ ಕಾಲದ ವಾಶರು, ವಾಲ್ವುಗಳಿಗೆ ಏನು ಕೆಲಸ ಎಂದು ವಾದಿಸಿದೆ. ಅಣು ಇದ್ದರೂ ಅದು ಕಾಯಿಸುವುದು ನೀರನ್ನೇ, ಗಾಲಿ ತಿರುಗಿಸುವುದು ಉಗಿಯೇ ಎಂದು ಅವರು ಹೇಳಿದರು. ಮತ್ತೆ ವಾಚನಾಲಯಕ್ಕೆ ಹೋದೆ. ಅವರು ಹೇಳಿದ್ದೇ ಸರಿಯಾಗಿತ್ತು. ಮರಳಿ ಬಂದು ಸೋಲನ್ನು ಒಪ್ಪಿಕೊಂಡ ದಿನ ಅವರು ಗೆದ್ದವರಂತೆ ನಗಲಿಲ್ಲ. ಪುಸ್ತಕದಲ್ಲಿ ಉಗಿಯ ಒತ್ತಡದ ಬಗ್ಗೆ ಇನ್ನೇನು ಬರೆದಿದೆ ಎಂದು ಕೇಳಿದರು. ಕೇಳಿ, ಬೇಡ ಬಿಡಿ ಎಂದರು. ಆಗ ಅದರ ಅರ್ಥ ನನಗಾಗಲಿಲ್ಲ.

ಅಲ್ಲಿಂದ ಹನ್ನೊಂದು ವರ್ಷ, ರಬಕವಿಯಿಂದ ಸೈಕಲ್ ತುಳಿದುಕೊಂಡು, ವಾರದಲ್ಲಿ ನಾಲ್ಕು ದಿನವಾದರೂ ಆ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೇನೆ. ಅವರು ಕಬ್ಬಿಣವನ್ನು ಬರಿಗೈಯಿಂದ ಮುಟ್ಟುತ್ತಿರಲಿಲ್ಲ; ಕೈಯ ಬೆವರಿಗೆ ತುಕ್ಕು ಹಿಡಿಯುತ್ತದೆ ಎನ್ನುತ್ತಿದ್ದರು. ಒಂದೊಂದು ಭಾಗಕ್ಕೂ ದಾರ ಕಟ್ಟಿದ ಚೀಟಿ ಇರುತ್ತಿತ್ತು. ಹೆಸರು ಬರೆಯುತ್ತಿರಲಿಲ್ಲ, ಅಂಕಿಯೇ. ಹೆಸರು ಊರಿಗೊಂದು ಇರುತ್ತದೆ, ಅಂಕಿ ಎಲ್ಲ ಕಡೆಗೂ ಒಂದೇ ಎಂಬುದು ಅವರ ವಾದ. ನಮ್ಮ ಮಗ್ಗಗಳಲ್ಲಿ ಅರ್ಧಕ್ಕರ್ಧ ಬೇರೆ ಊರಿನ ಗಿರಣಿಗಳು ಮುಚ್ಚಿದಾಗ ಹಳೆಯದಾಗಿಯೇ ಬಂದವು. ಅವುಗಳನ್ನು ಮಾಡಿದ ಕಾರ್ಖಾನೆಗಳೂ ಈಗಿಲ್ಲ. ತಮ್ಮ ಹಡಗಿನದೂ ಇದೇ ಪಾಡಾಗಿತ್ತು ಎಂದು ಅವರು ಹೇಳುತ್ತಿದ್ದರು. ಮಾಡಿದವರು ಮಾಡುವುದನ್ನು ನಿಲ್ಲಿಸಿದ ಮೇಲೆ, ಸವೆದ ಭಾಗವೇ ಹೊಸ ಭಾಗಕ್ಕೆ ಮಾದರಿ. ಅದನ್ನು ನೋಡಿಯೇ ಇನ್ನೊಂದನ್ನು ಎರಕ ಹೊಯ್ಯಬೇಕು. ಆದ್ದರಿಂದ ಹಳೆಯದನ್ನು ತಂದವರಿಗೆ ಮಾತ್ರ ಹೊಸದು. ಹಡಗಿನ ಈ ನಿಯಮವನ್ನು ಅವರು ಬನಹಟ್ಟಿಯ ಅಂಗಡಿಯಲ್ಲೂ ನಡೆಸಿದರು. ಮೊದಲು ಜನ ನಕ್ಕರು. ಆಮೇಲೆ ಅವರ ಅಂಗಡಿಯಿಂದ ಒಯ್ದ ಭಾಗ ತಪ್ಪಾಗಿ ಮರಳಿ ಬಂದದ್ದೇ ಇಲ್ಲವೆಂದು ಕಂಡುಕೊಂಡು, ಮುರಿದದ್ದನ್ನು ಚೀಲದಲ್ಲಿ ಹಾಕಿಕೊಂಡೇ ಬರತೊಡಗಿದರು.

ಒಮ್ಮೆ ಮಾತ್ರ ದೊಡ್ಡ ಜಗಳವಾಯಿತು. ರಬಕವಿಯ ನೇಕಾರನೊಬ್ಬ ಮಧ್ಯಾಹ್ನದ ಬಿಸಿಲಿನಲ್ಲಿ ಓಡಿ ಬಂದ. ಲಾಳಿಯನ್ನು ಹೊಡೆಯುವ ಪಿಕರು ಹರಿದು ಮಗ್ಗ ನಿಂತಿತ್ತು. ಮರುದಿನ ಸೀರೆ ಒಪ್ಪಿಸಬೇಕಿತ್ತು. ಹರಿದ ಪಿಕರನ್ನು ಅವಸರದಲ್ಲಿ ಮನೆಯಲ್ಲೇ ಬಿಟ್ಟು ಬಂದಿದ್ದ. ಕಾಕಾ ಕೊಡಲಿಲ್ಲ. ಅವನು ಬೇಡಿಕೊಂಡ, ಆಮೇಲೆ ಸಿಟ್ಟಾದ.

“ನಿಮ್ಮ ಹಡಗ ಗುಜರಿಗೆ ಹೋಗಿ ಎಷ್ಟ ವರ್ಷ ಆತ್ರಿ ಕಾಕಾ. ನಿಮ್ಮ ರೂಲ್ ಮಾತ್ರ ಇನ್ನೂ ತೇಲಾಕತ್ತೈತಿ.”

ಅವನು ಬಯ್ಯುತ್ತ ರಬಕವಿಗೆ ಹೋಗಿ, ಹಳೆಯದನ್ನು ತಂದು, ಹೊಸದನ್ನು ಒಯ್ದ. ಅವನ ಪರವಾಗಿ ನಾನೂ ಎರಡು ಮಾತಾಡಿದೆ. ಇಷ್ಟು ವರ್ಷ ಅಂಗಡಿ ನಡೆಸಿದವರಿಗೆ ಒಂದು ಪಿಕರಿನ ಗುರುತು ಹಳೆಯದನ್ನು ನೋಡದೆ ಸಿಗುವುದಿಲ್ಲವೇ, ಇದು ನಿಯಮವಲ್ಲ, ಹಟ ಎಂದೆ. ಅವರು ಬಟ್ಟೆಯಿಂದ ಕೈ ಒರೆಸಿಕೊಂಡರು. ಆಮೇಲೆ ಹೇಳಿದರು.

“ಒಂದ್ ಸಲ ಹಳೇದ ನೋಡದ ಕೊಟ್ಟೀನ್ರಿ. ಒಬ್ಬಾಂವ ಸುಟ್ಟಾನ.”

ಅದು ಹಡಗಿನಲ್ಲಿ ಅವರ ಕೊನೆಯ ದಿನ. ದಂಡೆಯ ಮೇಲಿನ ಡಿಪೋಕ್ಕೆ ಬದಲಿಯಾಗಿತ್ತು; ಊರಿಗೆ ಬಂದು ಹೋಗಲು ನಡುವೆ ರಜೆಯಿತ್ತು; ದಂಡೆಗೆ ಒಯ್ಯುವ ದೋಣಿ ಕಾಯುತ್ತಿತ್ತು. ಬಾಯ್ಲರ್ ಕೋಣೆಯವರು ಬಂದು ಸೇಫ್ಟಿ ವಾಲ್ವಿನ ಸ್ಪ್ರಿಂಗು ಕೇಳಿದರು. ಕುಕ್ಕರಿನ ಸೀಟಿಯಂತೆ, ಒತ್ತಡ ಮಿತಿ ಮೀರಿದಾಗ ಉಗಿಯನ್ನು ಹೊರಗೆ ಬಿಡುವ ವಾಲ್ವು ಅದು. ಹಳೆಯದನ್ನು ಇನ್ನೂ ಬಿಚ್ಚಿಲ್ಲ, ಸಂಜೆ ತಂದುಕೊಡುತ್ತೇವೆ ಎಂದರು. ಇವರು ಕೊಟ್ಟು, ಚೀಟಿ ಬರೆದು, ದೋಣಿ ಹತ್ತಿದರು. ಮಿರಜ ದಾಟಿ ಜಮಖಂಡಿಯ ಕಡೆಗೆ ಬರುವ ಬಸ್ಸಿನಲ್ಲಿ, ತಾವು ಕೊಟ್ಟ ಸ್ಪ್ರಿಂಗಿನ ಮೇಲಿದ್ದದ್ದು ಕೆಂಪು ಪಟ್ಟಿಯಲ್ಲ, ನೀಲಿ ಪಟ್ಟಿ ಎಂಬುದು ನೆನಪಾಯಿತು. ಎರಡೂ ಒಂದೇ ಎತ್ತರ, ಒಂದೇ ಸುತ್ತಳತೆ. ನೀಲಿಯದು ಹೆಚ್ಚು ಬಿಗಿ, ಬೇರೊಂದು ವಾಲ್ವಿನದು. ಅದನ್ನು ಹಾಕಿದರೆ ಉಗಿ ಹೊರಬೀಳಬೇಕಾದಾಗ ಬೀಳುವುದಿಲ್ಲ. ಹಳೆಯದು ಕೈಯಲ್ಲಿದ್ದಿದ್ದರೆ ಪಕ್ಕದಲ್ಲಿಟ್ಟು ನೋಡುತ್ತಿದ್ದರು.

ಜಮಖಂಡಿಯಲ್ಲಿ ಇಳಿದವರೇ ತಂತಿ ಕಚೇರಿಗೆ ಹೋದರು. ಫಾರ್ಮು ತೆಗೆದುಕೊಂಡು ತುಂಬಿದರು. ತಪ್ಪನ್ನು ತಾವೇ ಬರೆದು ಕಳಿಸಿದರೆ ಮುಂದೆ ಬಡ್ತಿಯಿಲ್ಲ, ಬಹುಶಃ ಶಿಕ್ಷೆಯೂ ಇದೆ. ಕಿಟಕಿಯ ಮುಂದೆ ಅವರ ಸರದಿ ಬಂದಾಗ ಫಾರ್ಮನ್ನು ಹರಿದು ಜೇಬಿನಲ್ಲಿ ಹಾಕಿಕೊಂಡು ಊರಿನ ಬಸ್ಸು ಹಿಡಿದರು. ಒಂದು ತಿಂಗಳ ನಂತರ ಡಿಪೋದಲ್ಲಿ ಸುದ್ದಿ ಕೇಳಿದರು: ಹಡಗಿನ ಬಾಯ್ಲರ್ ಕೋಣೆಯಲ್ಲಿ ಉಗಿ ಸಿಡಿದು, ರತ್ನಾಗಿರಿ ಕಡೆಯ ಒಬ್ಬ ಬಾಯ್ಲರಿನವನು ಸುಟ್ಟುಕೊಂಡಿದ್ದ. ಅವನು ಬದುಕಿದನೇ, ಯಾವ ಬಾಯ್ಲರು, ಏನು ಕಾರಣ, ಇವರು ಯಾರನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತಿತ್ತು.

ನಾನು ಮಾತಿಗೆ ಮೊದಲು ಸಾಕ್ಷಿ ಕೇಳುವವನು. ಅಪರಾಧಿ ತಾನೇ ಒಪ್ಪಿಕೊಂಡನೆಂಬ ಕಾರಣಕ್ಕೆ ಅಪರಾಧ ನಡೆದಿದೆ ಎಂದು ನಂಬಬೇಕಾಗಿಲ್ಲ. ಎರಡು ದಿನ ಯೋಚಿಸಿ, ಮಹಾಲಿಂಗಪುರದಾಚೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಪರಿಚಿತನೊಬ್ಬನನ್ನು ಹುಡುಕಿಕೊಂಡು ಹೋದೆ. ಕಬ್ಬು ಅರೆಯುವ ಕಾಲ. ಅವನಿಗೆ ಮಾತಾಡಲು ಪುರಸತ್ತಿರಲಿಲ್ಲ. ಸೇಫ್ಟಿ ವಾಲ್ವಿಗೆ ಹೊಸ ಸ್ಪ್ರಿಂಗು ಬಂದರೆ ಏನು ಮಾಡುತ್ತೀರಿ ಎಂದಷ್ಟೇ ಕೇಳಿದೆ. ಮೊದಲು ಅಳೆಯುತ್ತೇವೆ, ಆಮೇಲೆ ಹಾಕಿ ಉಗಿ ಏರಿಸಿ, ಸರಿಯಾದ ಒತ್ತಡಕ್ಕೆ ವಾಲ್ವು ಏಳುತ್ತದೆಯೇ ಎಂದು ನೋಡುತ್ತೇವೆ ಎಂದ. ಅಳೆಯದೆ ಹಾಕುವುದು ಉಂಟೇ ಎಂದೆ.

“ಸ್ಟೋರಿನವ್ರು ಕೊಟ್ಟದ್ದನ್ನ ಹಂಗ ಹಚ್ಚಿದ್ರ, ಅಜ್ಜಾರ, ನಾ ಇಲ್ಲಿ ನಿಂತ್ ನಿಮ್ಮ ಕೂಡ ಮಾತಾಡ್ತಿದ್ದಿಲ್ರಿ,” ಎಂದು ಕೆಲಸಕ್ಕೆ ತಿರುಗಿದ.

ಇದನ್ನು ಕಾಕಾ ಅವರಿಗೆ ಹೇಳಿದಾಗ, ಇದು ಸಕ್ಕರೆ, ಅದು ಹಡಗು ಎಂದು ತಳ್ಳಿಹಾಕಿದರು. ಅವರ ಜಾಗದಲ್ಲಿ ಸ್ಟೋರಿಗೆ ಬಂದವರು ಯಾರು ಎಂದು ಕೇಳಿದೆ. ಕಾರವಾರದ ಕಡೆಯವರು, ಹೆಸರನ್ನೂ ಹೇಳಿದರು. ಆದರೆ ಅವರನ್ನು ವಿಚಾರಿಸೋಣ ಎಂದಾಗ ನನ್ನ ಕೈ ಹಿಡಿದುಕೊಂಡರು.

“ಬ್ಯಾಡ್ರಿ. ನಂದ ತಪ್ಪ ಅಂತ ಗೊತ್ತಾದ್ರ ನಾ ಎಲ್ಲಿ ಹೋಗ್ಲಿ? ಈಗ ಅರ್ಧಾನರ ನಂದಲ್ಲ ಅಂದ್ಕೊಂಡ್ ದಿನಾ ತಗೀತೇನಿ.”

ಅವರ ಆ ಅರ್ಧವನ್ನು ಪಣಕ್ಕಿಡಲು ನನಗೆ ಹಕ್ಕಿತ್ತೇ? ಇರಲಿಲ್ಲ. ಆದರೂ ನಾನು ಸುಮ್ಮನೆ ಕೂರುವ ಪೈಕಿ ಅಲ್ಲ. ಮುಧೋಳದಲ್ಲಿ ಸೈನ್ಯದಿಂದ ನಿವೃತ್ತರಾದ ಪರಿಚಯದವರೊಬ್ಬರಿದ್ದರು. ಅವರು ಯಾರ ಯಾರನ್ನೋ ಕೇಳಿ ಮೂರು ವಾರದಲ್ಲಿ ಕಾರವಾರದವರ ಫೋನ್ ನಂಬರು ತಂದುಕೊಟ್ಟರು. ಒಂದು ಬೆಳಿಗ್ಗೆ ವಾಚನಾಲಯದ ಅಂಗಳದ ಕಟ್ಟೆಯ ಮೇಲೆ ಕೂತು ಫೋನ್ ಹಚ್ಚಿದೆ. ಹೌದು, ಆ ಸ್ಪ್ರಿಂಗಿನಿಂದಲೇ ಆಯಿತು ಎಂಬ ಉತ್ತರ ಬಂದಿದ್ದರೆ ಸುಳ್ಳು ಹೇಳುವುದು ನನ್ನಿಂದಾಗುತ್ತಿರಲಿಲ್ಲ. ನಿಜವನ್ನು ಹೇಳಿ ಅದೇ ಬೆಂಚಿನ ಮೇಲೆ ಮತ್ತೆ ಕೂರುವುದೂ ಆಗುತ್ತಿರಲಿಲ್ಲ.

ಆದ್ದರಿಂದ ಎಚ್ಚರಿಕೆಯಿಂದ ಕೇಳಿದೆ. ಸ್ಪ್ರಿಂಗೆಂಬ ಮಾತನ್ನು ಎತ್ತಲಿಲ್ಲ, ಬಣ್ಣವನ್ನು ಹೇಳಲಿಲ್ಲ, ಅಪಘಾತದ ಸುದ್ದಿಯನ್ನಂತೂ ತೆಗೆಯಲೇ ಇಲ್ಲ. ಬನಹಟ್ಟಿಯ ಇಂಥವರು ಹಡಗು ಬಿಟ್ಟ ದಿನ ಏನಾದರೂ ಎಡವಟ್ಟಾಗಿತ್ತೇ ಎಂದಷ್ಟೇ ಕೇಳಿದೆ. ಮುದುಕರಿಗೆ ದಯೆ ಹೆಚ್ಚು. ಕೇಳುವವನ ಮಾತಿನಲ್ಲಿ ಉತ್ತರದ ವಾಸನೆ ಸಿಕ್ಕರೆ ಅದನ್ನೇ ಕೊಟ್ಟುಬಿಡುತ್ತಾರೆ.

ಆ ಕಡೆಯವರು ಗಟ್ಟಿಯಾಗಿ ನಕ್ಕರು. “ಆ ಸ್ಪ್ರಿಂಗ್ ಕಥೆ ಮಾರಾಯ್ರೆ? ನೀಲಿ ಪಟ್ಟೀದು ಕೊಟ್ಟು ಹೋಗಿದ್ರು. ಬಾಯ್ಲರ್‌ನವ್ರು ಅಳತೆ ಹಿಡಿದು ನೋಡಿ, ಒಂದು ಗಂಟೆಯೊಳಗೆ ವಾಪಸ್ ತಂದು ನನ್ನ ಮೇಜಿನ ಮೇಲೆ ಎಸೆದ್ರು. ಬೈದದ್ದೆಲ್ಲ ನನಗೆ ಬಿತ್ತು.”

ಕೆಂಪು ಪಟ್ಟಿಯದನ್ನು ಕೊಟ್ಟು, ಹಳೆಯದನ್ನು ಒಪ್ಪಿಸಿಕೊಂಡರಂತೆ. ಬದಲಿಯಾಗಿ ಹೋದ ಮನುಷ್ಯನ ದಾಖಲೆ ಕೆಡದಿರಲೆಂದು ಚೀಟಿಯನ್ನು ಹರಿದು ಹೊಸದಾಗಿ ಬರೆದರಂತೆ. ಕಾಗದದಲ್ಲಿ ಆ ತಪ್ಪಿನ ಗುರುತೇ ಉಳಿಯಲಿಲ್ಲ. ಅದನ್ನು ಕಾಕಾ ಅವರಿಗೆ ತಿಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆಮೇಲೆ ಅಪಘಾತದ ಬಗ್ಗೆ ಕೇಳಿದೆ. ಅದು ಮೂರು ವಾರದ ನಂತರದ ಮಾತು, ಬೇರೆ ಬಾಯ್ಲರು, ಹಳೆಯ ಕೊಳವೆಯ ಬೆಸುಗೆ ಬಿಟ್ಟಿತ್ತು. ಸುಟ್ಟವನು ಬದುಕಿದ್ದಾನೆ, ವರ್ಷಕ್ಕೊಮ್ಮೆ ಫೋನ್ ಮಾಡುತ್ತಾನೆ ಎಂದರು. ನಾನು ಹೇಳದೆ ಉಳಿಸಿಕೊಂಡಿದ್ದ ಎರಡನ್ನೂ, ಭಾಗದ ಹೆಸರನ್ನೂ ಬಣ್ಣವನ್ನೂ, ಅವರು ತಾವಾಗಿ ಹೇಳಿದ್ದರು. ಆ ದಿನ ಜಮಖಂಡಿಯಿಂದ ಬನಹಟ್ಟಿಗೆ ಬಸ್ಸು ಬಹಳ ಸಾವಕಾಶ ಹೋಯಿತು.

ಕಾಕಾ ತಟ್ಟೆಯಲ್ಲಿ ವಾಶರುಗಳನ್ನು ಬೇರ್ಪಡಿಸುತ್ತಿದ್ದರು. ನಾನು ಹೇಳುತ್ತ ಹೋದೆ. ಅವರ ಬೆರಳುಗಳು ನಿಂತವು. ಮುಗಿದ ಮೇಲೆ ಇನ್ನೊಮ್ಮೆ ಹೇಳಿ ಎಂದರು. ಹೇಳಿದೆ. ಅದು ಮಂಗಳವಾರವೆಂದು ಕಾರವಾರದವರು ಅಂದಿದ್ದರು. ಇವರು, “ಬುಧವಾರ ಇತ್ರಿ,” ಎಂದು ತಿದ್ದಿದರು. ಆಮೇಲೆ ಬಟ್ಟೆಯಿಂದ ಮುಖ ಮುಚ್ಚಿಕೊಂಡರು. ಒಳಗಿನಿಂದ ಬಂದ ಅವರ ಹೆಂಡತಿ ಏನಾಯಿತೆಂದು ನನ್ನನ್ನು ನೋಡಿದರು. ಏನೂ ಆಗಲಿಲ್ಲ ತಾಯಿ, ಏನೂ ಆಗಿರಲಿಲ್ಲ ಎಂಬುದೇ ಸುದ್ದಿ ಎಂದೆ.

ಬಟ್ಟೆ ತೆಗೆದಾಗ ಅವರ ಮುಖದಲ್ಲಿ ಸಮಾಧಾನಕ್ಕಿಂತ ಮೊದಲು ಸಿಟ್ಟು ಬಂತು. ಇಷ್ಟು ವರ್ಷಕ್ಕೆ ಒಂದು ಫೋನು ಸಾಕಾಗಿತ್ತೇ ಎಂದರು. ನನಗೂ ಎಲ್ಲಿಂದಲೋ ಸಿಟ್ಟು ಬಂತು.

“ಅಷ್ಟ ದೊಡ್ಡ ಹಡಗಿನ್ಯಾಗ ನೀವೊಬ್ರ ಕಾವಲ ಅಂತ ತಿಳ್ಕೊಂಡಿದ್ರೇನ್ರಿ? ನಿಮ್ಮ ಹಿಂದ ಅಳಿಯಾಕ ಇನ್ನೊಬ್ಬಾಂವ ಇದ್ದ.”

ಅವರು ನನ್ನನ್ನು ದಿಟ್ಟಿಸಿದರು. ಆಮೇಲೆ ನಕ್ಕರು. ಹನ್ನೊಂದು ವರ್ಷದಲ್ಲಿ ಅವರು ಸದ್ದು ಮಾಡಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಪರಾಧವನ್ನು ಒಬ್ಬರೇ ಹೊರುವುದರಲ್ಲಿಯೂ ಒಂದು ಹೆಮ್ಮೆಯಿರುತ್ತದೆ. ಅದನ್ನು ಇಳಿಸುವಾಗ ನೋವಾಗುತ್ತದೆ. ತಂತಿ ಕಚೇರಿಯ ಕಿಟಕಿಯಿಂದ ಹಿಂದಿರುಗಿದ್ದು ಮಾತ್ರ ಅವರದೇ. ಅದನ್ನು ನಾನು ಇಳಿಸಲಾರೆ, ಇಳಿಸಲೂ ಇಲ್ಲ.

ವಾಶರುಗಳ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತ ಅವರು ಕೇಳಿದರು: “ಅಂವ ಸುಟ್ಟದ್ದಂತೂ ಖರೆ ಹೌದಲ್ರಿ?”

ಹೌದೆಂದೆ.

“ಹಂಗಾರ ಈಗ ನೋಡಾಕ ಹೋಗಬಹುದು.”

ನಾನು ಈ ಮಾತಿಗೆ ಸಿದ್ಧನಾಗಿರಲಿಲ್ಲ. ತಾವು ನಿರಪರಾಧಿಯೆಂದು ತಿಳಿದವರು ಅಷ್ಟಕ್ಕೇ ಬಿಡುತ್ತಾರೆಂದುಕೊಂಡಿದ್ದೆ. ಅವರ ವಿಷಯದಲ್ಲಿ ಅದು ತಿರುಗಾಮುರುಗಾ ಆಗಿತ್ತು. ಇಷ್ಟು ವರ್ಷ ಸುಟ್ಟವನ ಕಡೆಗೆ ಮುಖ ತಿರುಗಿಸಲಾರದಂತೆ ತಡೆದದ್ದು ತಮ್ಮದೇ ತಪ್ಪೆಂಬ ಭಯವೇ. ಅದು ಹೋದ ದಿನ ಮೊದಲ ಸಲ ಆ ಮನುಷ್ಯನ ನೋವು ಅವರ ಕಣ್ಣಿಗೆ ಬಿತ್ತು.

ಮುಂದಿನ ವಾರ, ಕಾರವಾರದವರಿಂದ ವಿಳಾಸ ಪಡೆದು, ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ, ಕೊಲ್ಹಾಪುರದ ಮೇಲಿಂದ ರತ್ನಾಗಿರಿಗೆ ಹೋದರು. ನನ್ನನ್ನು ಕರೆದರು, ನಾನು ಹೋಗಲಿಲ್ಲ. ಅದು ಇಬ್ಬರ ಮಾತು. ಮರಳಿ ಬಂದ ಮಧ್ಯಾಹ್ನ, ಬಸ್ ನಿಲ್ದಾಣದಿಂದ ನೇರವಾಗಿ ಕೈಚೀಲ ಹಿಡಿದುಕೊಂಡು ರಬಕವಿಯ ನಮ್ಮ ಮನೆಗೆ ಬಂದರು. ಮೊಣಕಾಲಿನ ಬೇನೆಯನ್ನು ಮರೆತು ಕಟ್ಟೆ ಹತ್ತಿದರು. ಆ ಮನುಷ್ಯ ಈಗ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾನಂತೆ. ಎಡಗೈ ಮೊಣಕೈವರೆಗೂ ಸುಟ್ಟ ಕಲೆ. ಕುತ್ತಿಗೆಯ ಮೇಲೆ ಅಂಗೈಯಷ್ಟು. ಸೊಸೆ ಚಹಾ ತಂದಳು. ಇವರು ಮರಾಠಿಯಲ್ಲಿ ಎಲ್ಲವನ್ನೂ ಹೇಳಿದರಂತೆ: ಸ್ಪ್ರಿಂಗು, ಬಸ್ಸು, ಹರಿದ ಫಾರ್ಮು. ಸ್ಪ್ರಿಂಗಿನ ಕಥೆಗೆ ಅವನು ತಲೆಯಾಡಿಸಿದ. ಫಾರ್ಮಿನ ಮಾತು ಮುಗಿದಾಗ ಬಸಿಯಲ್ಲಿದ್ದ ಚಹಾ ಮುಗಿಸಿ, ಇವರ ಕಪ್ಪಿಗೆ ಇನ್ನಷ್ಟು ಹಾಕಿಸಿದ. ಆಮೇಲೆ, ಹಡಗಿನಲ್ಲಿ ನೀವು ಸ್ಟೋರಿನ ಕಿಟಕಿಯಲ್ಲಿ ಕೂತಿರುತ್ತಿದ್ದವರೇನು ಎಂದು ಕೇಳಿದ.

“ಹೌದ್ರಿ ಅಂದೆ. ಅಂವ ಅಂದ: ಕೈ ಸುಟ್ಟದ್ದರ ಸಿಟ್ಟ ಯಾರ ಮ್ಯಾಲೂ ಇಲ್ಲ ಸಾಹೇಬ್ರ. ಆದ್ರ ಆ ಕಿಟಕಿ ಮುಂದ ಚೀಟಿ ಹಿಡ್ಕೊಂಡ್ ತಾಸಗಟ್ಲೆ ನಿಂದ್ರಸ್ತಿದ್ರಲ್ಲ, ಅದರ ಸಿಟ್ಟ ಇನ್ನೂ ಹೋಗಿಲ್ಲ.”

ಇದನ್ನು ಹೇಳಿ ಹಡಗಿನ ಕಾಕಾ ನನ್ನ ಕಟ್ಟೆಯ ಮೇಲೆ ಕಾಲು ಚಾಚಿ ಕೂತರು. ಕೈಚೀಲವನ್ನು ಒರಗುದಿಂಬಿನಂತೆ ಬೆನ್ನಿಗೆ ಇಟ್ಟುಕೊಂಡರು. ನೀರು ಕೊಟ್ಟೆ, ಪೂರ್ತಿ ಕುಡಿದರು.

“ನಿಂದ್ರಸ್ತಿದ್ವಿ ಅಣ್ಣಾರ,” ಎಂದರು. “ಅದ್ ಮಾತ್ರ ಖರೇನ ನಂದ ತಪ್ಪ.”